ಎರಡೂ ತಿಂದವರು ಎಷ್ಟು ಜನ? ಈ ತರದ ಲೆಕ್ಕದಲ್ಲಿ ಪ್ರತಿ ಸಲ ತಪ್ಪುತ್ತಿದ್ದೇನೆ

ಪ್ರಶ್ನೆ (ದಾವಣಗೆರೆ)
ಜಿಮ್ಯಾಟ್‌ಗೆ (ಎಂಬಿಎ ಪ್ರವೇಶ ಪರೀಕ್ಷೆ) ಓದುತ್ತಿದ್ದೇನೆ. ನಮ್ಮೂರಿನ ಲೆಕ್ಕದಲ್ಲೇ ಹೇಳ್ತೀನಿ: 120 ಜನರಲ್ಲಿ 75 ಮಂದಿ ಬೆಣ್ಣೆ ದೋಸೆ ತಿಂದರು, 60 ಮಂದಿ ಮಂಡಕ್ಕಿ ಮಿರ್ಚಿ ತಿಂದರು, 15 ಮಂದಿ ಎರಡನ್ನೂ ಮುಟ್ಟಲಿಲ್ಲ. 75+60-120 ಮಾಡಿ 15 ಅಂದೆ. ಉತ್ತರ 30 ಅಂತೆ. ಹೇಗೆ?

ಉತ್ತರ 1
ಏನೂ ತಿನ್ನದ 15 ಜನರನ್ನು ನೀವು ತೆಗೆದೇ ಇಲ್ಲ, ಅಲ್ವಾ? ತಿಂದವರು 105. 75+60 ಅಂದರೆ 135, ಅದರಲ್ಲಿ 105 ಕಳೆದರೆ 30. ನಾನಂತೂ ಸೂತ್ರ ಬಿಟ್ಟು ನಾಲ್ಕು ಮನೆಯ ಪಟ್ಟಿ ಹಾಕುತ್ತೇನೆ. ಅಡ್ಡಕ್ಕೆ ದೋಸೆ ಹೌದು, ಇಲ್ಲ. ಉದ್ದಕ್ಕೆ ಮಂಡಕ್ಕಿ ಹೌದು, ಇಲ್ಲ. ದೋಸೆ ತಿನ್ನದವರು 45, ಅದರಲ್ಲಿ 15 ಜನ ಮಂಡಕ್ಕಿಯನ್ನೂ ತಿಂದಿಲ್ಲ, ಹಾಗಾದರೆ ಬರೀ ಮಂಡಕ್ಕಿ ತಿಂದವರು 30, ಮಂಡಕ್ಕಿಯ 60ರಲ್ಲಿ ಆ 30 ಹೋದರೆ ಎರಡೂ ತಿಂದವರು 30, ಉಳಿದ ಮನೆ ತಾನಾಗಿ ತುಂಬುತ್ತದೆ.

ಉತ್ತರ 2 (ಚಿತ್ರದುರ್ಗ)
ಎರಡು ಗುಂಪಿಗೆ ಪಟ್ಟಿ ಸಾಕು. ಮೂರು ಗುಂಪು ಬಂದರೆ ವೆನ್ ಚಿತ್ರವೇ ಬೇಕು, ಜಾನ್ ವೆನ್ 1880ರಲ್ಲಿ ಕೊಟ್ಟ, ಒಂದರೊಳಗೊಂದು ಹಾಯುವ ವೃತ್ತಗಳು. ಅಲ್ಲಿ ಜಾಸ್ತಿ ಜನ ಬೀಳುವುದು ಒಂದೇ ಗುಂಡಿಗೆ: 'ಎರಡು ಮಾತ್ರ' ಅಂದರೆ ಮೂರೂ ಇರುವವರು ಅದರಲ್ಲಿ ಸೇರುವುದಿಲ್ಲ, 'ಕನಿಷ್ಠ ಎರಡು' ಅಂದರೆ ಸೇರುತ್ತಾರೆ. 100 ಜನ, ಗುಂಪುಗಳು 50, 40, 35, ಎರಡರಲ್ಲಿ ಮಾತ್ರ ಇರುವವರು 20, ಯಾವುದರಲ್ಲೂ ಇಲ್ಲದವರು 5. ಮೂರರಲ್ಲೂ ಇರುವವರು ಎಷ್ಟು? ಮೊತ್ತ 125. ಅದರಲ್ಲಿ ಎರಡರಲ್ಲಿ ಮಾತ್ರ ಇರುವವರನ್ನು ಎರಡು ಸಲ ಎಣಿಸಿರುತ್ತೀರಿ, ಒಂದು ಸಲ ಕಳೆಯಬೇಕು; ಮೂರರಲ್ಲೂ ಇರುವವರನ್ನು ಮೂರು ಸಲ ಎಣಿಸಿರುತ್ತೀರಿ, ಹಾಗಾಗಿ ಎರಡು ಸಲ ಕಳೆಯಬೇಕು.

ಪ್ರಶ್ನೆ ಕೇಳಿದವರು
ಗುಂಪಿನಲ್ಲಿ ಇರುವವರು 100-5 = 95. 125-20-95 = 10, ಅದರಲ್ಲಿ ಅರ್ಧ, 5! ಸರಿನಾ ಸರ್?

ಉತ್ತರ 2
ಸರಿ. ಚಿತ್ರದಲ್ಲಿ ಮೊದಲು ಮೂರೂ ವೃತ್ತ ಸೇರುವ ನಡುವಿನ ಮನೆ ತುಂಬಿ, ಆಮೇಲೆ ಹೊರಗೆ ಬನ್ನಿ.