ಬೋರ್ಡಿನ ಪ್ರಶ್ನೆ ಯಾವುದು, ಅದರಾಚೆಯದು ಯಾವುದು?

ಅಡಿಕೆ ತೋಟದ ಹುಡುಗ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ನಾನಿರುವುದು ವಿದ್ಯಾನಗರದಲ್ಲಿ, ಅಪ್ಪನ ತೋಟ ಚನ್ನಗಿರಿ ಹತ್ತಿರ. ತ್ರೀ ಫೇಸ್ ಕರೆಂಟ್ ರಾತ್ರಿ ಯಾವಾಗಲೋ ಬರುತ್ತದೆ, ಅಪ್ಪ ಟಾರ್ಚ್ ಹಿಡಿದು ಬೋರ್ ಆನ್ ಮಾಡೋಕೆ ಹೋಗುತ್ತಾರೆ. ಅದಕ್ಕೆ ಫೋನ್‌ನಿಂದಲೇ ಸ್ಟಾರ್ಟರ್ ಹಾಕುವ ಒಂದು ಬೋರ್ಡ್ ಮಾಡುತ್ತಿದ್ದೇನೆ. ಫೋನ್ ಕರೆ ಹಿಡಿಯಲು ಸಿಮ್800ಎಲ್ ಮಾಡ್ಯೂಲ್, ಅದನ್ನು ನಡೆಸಲು ಆರ್ಡುಯಿನೊ ನ್ಯಾನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್, ಸ್ವಿಚ್ ಕೆಲಸಕ್ಕೆ ಎರಡು ನೀಲಿ ರಿಲೇ. ಬೋರ್ಡ್ ಮನೆಯಲ್ಲೇ ಆಗಬೇಕು ಅಂತ ನನ್ನ ಹಠ. ಹೊಳಪಿನ ಕಾಗದದ ಮೇಲೆ ನಕ್ಷೆಯ ಲೇಸರ್ ಪ್ರಿಂಟ್, ಅದನ್ನು ತಾಮ್ರಕ್ಕೆ ಇಳಿಸಲು ಇಸ್ತ್ರಿ ಪೆಟ್ಟಿಗೆ, ಬೇಡದ ತಾಮ್ರ ಕರಗಿಸಲು ಫೆರಿಕ್ ಕ್ಲೋರೈಡ್, ಅದೇ ದಾರಿ.

ಈ ಗುಂಪಿನಲ್ಲಿ ಪಿಸಿಬಿ, ಅಂದರೆ ತಾಮ್ರದ ಗೆರೆಗಳ ಸರ್ಕ್ಯೂಟ್ ಬೋರ್ಡ್, ಮಾಡುವುದರ ಬಗ್ಗೆ ಮಾತ್ರ ಕೇಳಬೇಕು ಅಂತ ನಿಯಮ ಇದೆ. ಗೆರೆ ಎಲ್ಲಿ ಎಳೆಯುತ್ತೀರಿ? ರಿಲೇಯಿಂದ ಸ್ಟಾರ್ಟರ್‌ಗೆ ಹೋಗುವ ಟ್ರ್ಯಾಕ್ (ತಾಮ್ರದ ಗೆರೆ) ಎಷ್ಟು ಅಗಲ ಇರಬೇಕು, ಇದು ಸರಿ ಅಲ್ವಾ? ಕರೆ ಬಂದ ತಕ್ಷಣ ಸಿಮ್ ಮಾಡ್ಯೂಲ್ ರೀಸೆಟ್ ಆಗುತ್ತದೆ, ಇದನ್ನು ಕೇಳಬಹುದಾ? ಹಳೇ ಫೆರಿಕ್ ಕ್ಲೋರೈಡ್ ಎಲ್ಲಿ ಚೆಲ್ಲುವುದು ಅಂತ ಕೇಳಿದರೆ ಬೈತೀರಾ?

ಹೋಲ್ ಹೊಡೆಯೋನು:

ಟ್ರ್ಯಾಕ್ ಅಗಲ ಕೇಳಿ. ಉಳಿದದ್ದು ಬೇಡ. ಇವತ್ತು ಸಿಮ್ ಬಗ್ಗೆ ಬಿಟ್ಟರೆ ನಾಳೆ ಕೋಡ್ ಬರೆದುಕೊಡಿ ಅಂತಾರೆ, ನಾಡಿದ್ದು ಪ್ರಾಜೆಕ್ಟ್ ರಿಪೋರ್ಟ್ ಕೇಳ್ತಾರೆ. ಅಂಥ ಜಾಗ ಬೇಕಾದಷ್ಟಿವೆ. ಅಂದಹಾಗೆ, ಟ್ರ್ಯಾಕ್ 1 ಮಿಲಿಮೀಟರ್ ಸಾಕು.

ಕೋಟೆ ಕಡೆಯ ರೇಡಿಯೋ ಮೆಕ್ಯಾನಿಕ್, ಚಿತ್ರದುರ್ಗ:

ಹೋಲ್ ಹೊಡೆಯೋನೇ, ಸ್ವಲ್ಪ ತಡಿ. ನೀನು ಹೇಳಿದ 1 ಮಿಲಿಮೀಟರ್ ಲೆಕ್ಕಕ್ಕೆ ಸರಿ. ಬೋರ್ಡ್ ಮಾಡೋಕೆ ನಾವು ತರುವ ತಾಮ್ರ ಹೊದಿಸಿದ ತಗಡಿನ ಮೇಲೆ ಸಾಮಾನ್ಯವಾಗಿ 35 ಮೈಕ್ರಾನ್ ತಾಮ್ರ ಇರುತ್ತದೆ, ಸ್ಟಾರ್ಟರ್ ಕಾಯಿಲ್ ಎಳೆಯುವ ಕರೆಂಟ್‌ಗೆ ಅದು ಧಾರಾಳ. ಆದರೆ ಆ ಹುಡುಗ ಕೇಳಬೇಕಾದ ಪ್ರಶ್ನೆ ಅಗಲದ್ದಲ್ಲ.

ತಮ್ಮಾ, ನಾನು ಇಡೀ ಆಯುಷ್ಯ ರೇಡಿಯೋ, ಟಿವಿ ಬಿಚ್ಚಿಕೊಂಡೇ ಕೂತವನು. ನನ್ನ ಅಳತೆ ಇಷ್ಟೇ: ಉತ್ತರ ಸಿಕ್ಕ ಮೇಲೆ ತಾಮ್ರದಲ್ಲಿ ಏನಾದರೂ ಬದಲಾಗುತ್ತದಾ? ಆಗುತ್ತದೆ ಅಂದರೆ ಇಲ್ಲಿ ಕೇಳು. ಆ ಮಾಡ್ಯೂಲ್ 2ಜಿ, ಅದಕ್ಕೆ ಯಾವ ಕಂಪನಿ ಸಿಮ್ ಹಾಕಲಿ ಅಂದರೆ ಇಲ್ಲಿಯದಲ್ಲ. ಕರೆ ಬಂದಾಗ ರೀಸೆಟ್ ಆಗುತ್ತದೆ ಅನ್ನುವುದು ನೂರಕ್ಕೆ ನೂರು ಇಲ್ಲಿಯದು. ಅದಕ್ಕೆ 3.4ರಿಂದ 4.4 ವೋಲ್ಟ್ ಒಳಗೇ ಬೇಕು. ಟವರ್ ಜೊತೆ ಮಾತಾಡುವಾಗ ಕ್ಷಣ ಹೊತ್ತು 2 ಆಂಪಿಯರ್‌ವರೆಗೂ ಎಳೆಯುತ್ತದೆ. ನೀನು ಕೂದಲೆಳೆಯಂಥ ಟ್ರ್ಯಾಕ್ ಬಿಟ್ಟು, ಕೆಪಾಸಿಟರ್ ಬೋರ್ಡಿನ ಇನ್ನೊಂದು ಮೂಲೆಯಲ್ಲಿ ಕೂರಿಸಿದ್ದರೆ ವೋಲ್ಟೇಜ್ ಅಲ್ಲೇ ಕುಸಿಯುತ್ತದೆ. 1000 ಮೈಕ್ರೋಫ್ಯಾರಡ್ ಒಂದನ್ನು ಮಾಡ್ಯೂಲ್ ಕಾಲಿಗೆ ಅಂಟಿಕೊಂಡಂತೆ ಇಡು. ಪವರ್ ಟ್ರ್ಯಾಕ್ 2 ಮಿಲಿಮೀಟರ್ ಮಾಡು. ಗ್ರೌಂಡಿಗೆ ಖಾಲಿ ಜಾಗದ ತಾಮ್ರ ಪೂರ್ತಿ ಬಿಡು. ಅದನ್ನು ಕರಗಿಸಿ ಏನು ಲಾಭ? ಫೆರಿಕ್ ಕ್ಲೋರೈಡ್ ದಂಡ.

ಈಗ ರಿಲೇ. ನಮ್ಮ ಕಡೆ ಬೋರ್ ಸ್ಟಾರ್ಟರ್‌ಗಳಲ್ಲಿ ಕಾಯಿಲ್ ಬಹಳ ಸಲ 415 ವೋಲ್ಟಿನದು, ಎರಡು ಫೇಸ್ ನಡುವೆ ಇರುತ್ತದೆ. ನಿನ್ನ ನೀಲಿ ರಿಲೇ ಮೇಲೆ ಏನು ಬರೆದಿದೆ ಓದು. 250 ವೋಲ್ಟ್ ಎಸಿ. ಟ್ರ್ಯಾಕ್ ಎಷ್ಟೇ ಅಗಲ ಮಾಡು, ಗ್ಯಾಪ್ ಎಷ್ಟೇ ಬಿಡು, ಆ ರಿಲೇಗೆ ಆ ಕೆಲಸ ಕೊಡುವ ಹಾಗಿಲ್ಲ. ನೀನು ಅಗಲ ಮಾತ್ರ ಕೇಳಿ, ಇವರು ಅಗಲ ಮಾತ್ರ ಹೇಳಿ, ನಿಯಮ ಪಾಲಿಸಿದ ಖುಷಿಯಲ್ಲಿ ಎಲ್ಲರೂ ಮಲಗಿದ್ದರೆ ಏನಾಗುತ್ತಿತ್ತು? ಪ್ರಶ್ನೆ ತಾಮ್ರದ್ದೇ ಇರಲಿ. ಆದರೆ ಆ ತಾಮ್ರ ಯಾವುದಕ್ಕೆ ಸೇರುತ್ತದೆ ಅನ್ನುವುದನ್ನು ಪೂರ್ತಿ ಬರಿ.

ದಾರಿ ಇದೆ. ಬೋರ್ಡಿನ ರಿಲೇ 24 ವೋಲ್ಟ್ ಕಾಯಿಲ್‌ನ ಒಂದು ಸಣ್ಣ ಕಾಂಟ್ಯಾಕ್ಟರ್ (ಹೆಚ್ಚು ವೋಲ್ಟ್ ತಾಳುವ, ರಿಲೇಯಂಥದೇ ಸ್ವಿಚ್) ಎಳೆಯಲಿ. 415ರ ಕೆಲಸ ಆ ಕಾಂಟ್ಯಾಕ್ಟರ್ ನೋಡಿಕೊಳ್ಳಲಿ. ಆಗ ನಿನ್ನ ಬೋರ್ಡಿಗೆ 415 ಬರುವುದೇ ಇಲ್ಲ. ಆ ಕಡೆಯ ವೈರಿಂಗ್ ಮಾತ್ರ ಪಂಪ್‌ಸೆಟ್ ಮೆಕ್ಯಾನಿಕ್ ಕೈಯಲ್ಲೇ ಮಾಡಿಸು.

ಲ್ಯಾಬ್ ಮೇಡಂ, ದಾವಣಗೆರೆ:

ಚೆಲ್ಲುವ ಪ್ರಶ್ನೆ ಇಲ್ಲಿಯದೇ. ಬೋರ್ಡ್ ಮಾಡುವವರು ಕೇಳದೆ ಇನ್ಯಾರು ಕೇಳಬೇಕು? ಮೊದಲನೆಯದಾಗಿ, ಬೇಗ ಚೆಲ್ಲಬೇಡಿ. ತಾಮ್ರ ತಿನ್ನುವುದು ತೀರಾ ನಿಧಾನ ಆಗುವವರೆಗೂ ಅದೇ ದ್ರಾವಣ ಬಳಸಬಹುದು. ಆಮೇಲೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ, ಬಯಲಲ್ಲಿ, ವಾಷಿಂಗ್ ಸೋಡಾ ಸ್ವಲ್ಪ ಸ್ವಲ್ಪವೇ ಹಾಕಿ. ನೊರೆ ಉಕ್ಕುತ್ತದೆ, ಗಾಬರಿ ಬೇಡ. ನೊರೆ ನಿಂತ ಮೇಲೆ ತಳದಲ್ಲಿ ಕೆಸರು ಕೂರುತ್ತದೆ. ತಾಮ್ರ, ಕಬ್ಬಿಣ ಎರಡೂ ಅದರಲ್ಲೇ ಇರುತ್ತವೆ. ಅದನ್ನು ಸೋಸಿ, ಒಣಗಿಸಿ, ಡಬ್ಬಿಯಲ್ಲಿ ಹೆಸರು ಬರೆದು ಇಟ್ಟು, ಅಪಾಯಕಾರಿ ಕಸ ತೆಗೆದುಕೊಳ್ಳುವವರಿಗೆ ಕೊಡಿ. ಸ್ಟೀಲ್ ಸಿಂಕ್‌ಗೆ ಸುರಿದರೆ ಸಿಂಕೇ ತೂತು ಬೀಳುತ್ತದೆ.

ಅಡಿಕೆಯವರು ಒಂದು ಮಾತು ಹೇಳ್ತಾರೆ: ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲ್ವಾ, ಅದರಲ್ಲೂ ತಾಮ್ರದ ಮೈಲುತುತ್ತ ಇದೆಯಲ್ಲ, ಇದನ್ನೂ ತೋಟಕ್ಕೇ ಹಾಕಿದರೆ ಏನಂತೆ? ಬೇಡ. ಅಲ್ಲಿ ತೂಕ ಮಾಡಿ ಸುಣ್ಣ ಸೇರಿಸಿ ಹೊಡೆಯುತ್ತಾರೆ. ಇಲ್ಲಿ ಎಷ್ಟು ತಾಮ್ರ ಇದೆ ಅಂತ ನಿಮಗೇ ಗೊತ್ತಿಲ್ಲ.

ಅಡಿಕೆ ತೋಟದ ಹುಡುಗ:

ಮೆಕ್ಯಾನಿಕ್ ಸರ್, ಮೇನ್ ಸ್ವಿಚ್ ಆಫ್ ಮಾಡಿಸಿ ಸ್ಟಾರ್ಟರ್ ಡಬ್ಬಿ ತೆಗೆಸಿ ನೋಡಿದೆ. ಕಾಯಿಲ್ ಮೇಲೆ 415 ಅಂತಲೇ ಇದೆ. ಹಾಗಾದರೆ 24 ವೋಲ್ಟ್ ಕಾಂಟ್ಯಾಕ್ಟರ್ ದಾರಿಯೇ. ಈಗ ತಾಮ್ರದ ಪ್ರಶ್ನೆ: ಸ್ಕ್ರೂ ಟರ್ಮಿನಲ್‌ಗೆ ವೈರ್ ಹಾಕಿ ಬಿಗಿ ಮಾಡುವಾಗ ಪ್ಯಾಡ್ (ಕಾಲು ಬೆಸೆಯುವ ತಾಮ್ರದ ಬಿಲ್ಲೆ) ಕಿತ್ತು ಬರುತ್ತದೆ. ತಗಡು ಕಂದು ಬಣ್ಣದ್ದು, ಒಂದೇ ಕಡೆ ತಾಮ್ರ.

ಹೋಲ್ ಹೊಡೆಯೋನು:

ಇದಕ್ಕೆ ನಾನು ಹೇಳ್ತೀನಿ. ಕಂದು ತಗಡು ಕಾಗದದ್ದು, ಅದರಲ್ಲಿ ತಾಮ್ರದ ಹಿಡಿತ ಕಡಿಮೆ, ಬೆಸುಗೆ ಬಿಸಿಗೆ ಇನ್ನೂ ಸಡಿಲ ಆಗುತ್ತದೆ. 1.6 ಮಿಲಿಮೀಟರ್ ಗ್ಲಾಸ್ ಎಪಾಕ್ಸಿ ತಗೊಳ್ಳಿ. ಟರ್ಮಿನಲ್ ಹೋಲ್ 1.3, ಪ್ಯಾಡ್ 3 ಮಿಲಿಮೀಟರಿಗೆ ಕಮ್ಮಿ ಬೇಡ, ಟ್ರ್ಯಾಕ್ ಪ್ಯಾಡಿಗೆ ಸೇರುವಲ್ಲಿ ದಪ್ಪ ಮಾಡಿ. ಕೊರೆಯುವಾಗ ಮೂಗಿಗೆ ಮಾಸ್ಕ್ ಇರಲಿ, ಗಾಜಿನ ಧೂಳು. ಬೋರ್ಡಿನ ನಕ್ಷೆ ಬಿಡಿಸುವ ಕೈಕ್ಯಾಡ್ ಸಾಫ್ಟ್‌ವೇರ್‌ನಿಂದ ಕೆಳಪದರ ಪ್ರಿಂಟ್ ಮಾಡುವಾಗ ಮಿರರ್ ಒತ್ತಬೇಡಿ, ಇಸ್ತ್ರಿ ಹಾಕುವಾಗ ಅದೇ ತಿರುಗುತ್ತದೆ. ಸಿಮ್ ರೀಸೆಟ್ ನಿಂತಿತಾ ಅಂತಲೂ ಇಲ್ಲೇ ಬರೆಯಿರಿ, ನನ್ನ ತಕರಾರಿಲ್ಲ. ಕೋಡ್ ಮಾತ್ರ ಬೇಡ.