ಸ್ಕೂಟರ್ ಡಿಕ್ಕಿಯೊಳಗಿನ ನಿಪ್ಪಟ್ಟಿನ ವಿಷಯ ಡಾಕ್ಟರಿಗೆ ಹೇಳಬೇಕಾ?

ನಾಗರಬಾವಿ ಎರಡನೇ ಹಂತ:

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ, ತೂಕ 104 ಕೆಜಿ, ಎತ್ತರ 5 ಅಡಿ 2 ಇಂಚು. ಆರು ವರ್ಷದಿಂದ ಶುಗರ್ ಇದೆ. ಮುಂದಿನ ತಿಂಗಳು ಸ್ಲೀವ್ ಆಪರೇಷನ್, ಅಂದರೆ ತೂಕ ಇಳಿಸಲು ಹೊಟ್ಟೆ ಚಿಕ್ಕದು ಮಾಡುವುದು. ರಕ್ತ ಪರೀಕ್ಷೆ, ಎಂಡೋಸ್ಕೋಪಿ ಎಲ್ಲ ಮುಗಿದು, ಕೊನೆಗೆ ಕೌನ್ಸೆಲರ್ ಹತ್ತಿರ ಕಳಿಸಿದರು. ಚಿಕ್ಕ ವಯಸ್ಸಿನವರು, ಮೆತ್ತಗೆ ಮಾತಾಡಿದರು. "ಬೇಜಾರಾದಾಗ, ಸಿಟ್ಟು ಬಂದಾಗ ತಿನ್ನುತ್ತೀರಾ?" ಅಂತ ಕೇಳಿದರು. "ಇಲ್ಲಪ್ಪ, ಹಾಗೇನಿಲ್ಲ" ಅಂದುಬಿಟ್ಟೆ.

ಸುಳ್ಳು. ಪೀಣ್ಯದಲ್ಲಿ ಅಕೌಂಟ್ಸ್ ಕೆಲಸ ನನ್ನದು. ಸಂಜೆ ಬರುವ ದಾರಿಯಲ್ಲಿ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಕಾಲು ಕೆಜಿ ನಿಪ್ಪಟ್ಟು, ಇಲ್ಲದಿದ್ದರೆ ಬೆಣ್ಣೆ ಮುರುಕು ಕಟ್ಟಿಸಿಕೊಳ್ಳುತ್ತೇನೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ಕನ್ನಡಿಗೆ ಸಿಕ್ಕಿಸಿ, ಸೀಟಿನ ಮೇಲೆ ಕೂತೇ ತಿನ್ನುತ್ತೇನೆ. ಪಿಲ್ಲರ್ ಹಿಂದೆ, ಯಾರಿಗೂ ಕಾಣುವುದಿಲ್ಲ. ಹತ್ತು ನಿಮಿಷ. ಮೇಲೆ ಹೋದರೆ ಹಾಸಿಗೆ ಹಿಡಿದ ಅತ್ತೆಯವರ ಡಯಾಪರ್ ಬದಲಾಯಿಸಬೇಕು, ಮಗನ ಪಿಯುಸಿ ಜಗಳ, ಅಡುಗೆ. ಮಿಕ್ಕಿದ್ದು ಡಿಕ್ಕಿಯೊಳಗೆ, ಮಳೆ ಕೋಟಿನ ಕೆಳಗೆ. ಹಸಿವಿಗೆ ತಿಂದೆ ಅನ್ನಲಾರೆ. ಮಧ್ಯಾಹ್ನದ ಡಬ್ಬಿ ಪೂರ್ತಿ ಖಾಲಿ ಮಾಡಿರುತ್ತೇನೆ.

ಇದನ್ನು ಹೇಳಿದರೆ ಆಪರೇಷನ್ ಬೇಡ ಅಂದುಬಿಡುತ್ತಾರಾ? ಆಪರೇಷನ್ ಆದಮೇಲೆ ಈ ಚಟ ತಾನಾಗೇ ಹೋಗುತ್ತದಾ? ಮಾಡಿಸಿಕೊಂಡವರು ಹೇಳಿ. "ಬಾಯಿ ಕಟ್ಟು" ಅನ್ನುವವರು ಮನೆಯಲ್ಲೇ ಇದ್ದಾರೆ, ಇಲ್ಲಿ ಬೇಡ.

ಬೆಳಗಿನ ವಾಕಿಂಗ್:

ಇಷ್ಟಕ್ಕೆಲ್ಲ ಹೊಟ್ಟೆ ಕೊಯ್ಯಿಸಬೇಕಾ ಮೇಡಂ? ಲಾಲ್‌ಬಾಗಿನಲ್ಲಿ ದಿನಾ ನಾಲ್ಕು ಸುತ್ತು ಹೊಡೆಯಿರಿ, ರಾತ್ರಿ ರಾಗಿ ಗಂಜಿ ಕುಡಿಯಿರಿ. ನಮ್ಮ ಚಿಕ್ಕಪ್ಪ 15 ಕೆಜಿ ಇಳಿಸಿದರು.

ಹನುಮಂತನಗರದ ಅಕ್ಕ:

ವಾಕಿಂಗ್ ಸಾರ್, ಕೇಳಿದ ಪ್ರಶ್ನೆ ಇನ್ನೊಂದು ಸಲ ಓದಿ.

ನಾಗರಬಾವಿಯವರೇ, ಹೇಳಿಬಿಡಿ. ಕೌನ್ಸೆಲರ್ ಕೇಳುವುದು ನಿಮ್ಮನ್ನು ಫೇಲ್ ಮಾಡೋಕಲ್ಲ. ಹೆಚ್ಚೆಂದರೆ ಇನ್ನು ನಾಲ್ಕು ಸಲ ಬನ್ನಿ ಅನ್ನಬಹುದು, ದಿನ ಸ್ವಲ್ಪ ಮುಂದೆ ಹೋಗಬಹುದು. ನಾನು ಹೇಳಲಿಲ್ಲ. ಅಷ್ಟೇ ಅಲ್ಲ, ಲಿವರ್ ಸಣ್ಣದಾಗಲಿ ಅಂತ ಎರಡು ವಾರ ಪಥ್ಯ ಕೊಡುತ್ತಾರಲ್ಲ, ಅದಕ್ಕೆ ಮುಂಚೆ "ಇದೇ ಕೊನೆ" ಅಂತ ಐದು ಕೊನೇ ಮಸಾಲೆ ದೋಸೆ ತಿಂದೆ.

2021ರಲ್ಲಿ ಸ್ಲೀವ್ ಆಯಿತು. ಹೊಟ್ಟೆಯ ಹೆಚ್ಚುಕಮ್ಮಿ ಮುಕ್ಕಾಲು ಭಾಗ ತೆಗೆದುಬಿಡುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಜಾಸ್ತಿ ತಯಾರಾಗುವುದೂ ಆ ಭಾಗದಲ್ಲೇ. ಅದಕ್ಕೇ ಮೊದಲ ತಿಂಗಳುಗಳಲ್ಲಿ ನನಗೆ ಹಸಿವೇ ಗೊತ್ತಾಗುತ್ತಿರಲಿಲ್ಲ. ನಾಲ್ಕು ಚಮಚ ಬೇಳೆ ಕಟ್ಟು ಕುಡಿದರೆ ಸಾಕು. ಗೆದ್ದೆ ಅಂದುಕೊಂಡೆ. ಆದರೆ ನೀವೇ ಬರೆದಿದ್ದೀರಲ್ಲ, ಹಸಿವಿಗೆ ತಿಂದದ್ದಲ್ಲ ಅಂತ. ಸಂಜೆ ಆರೂವರೆ ದಿನಾ ಬರುತ್ತಲೇ ಇತ್ತು.

ಮೂರನೇ ತಿಂಗಳು ನನ್ನ ತಮ್ಮ ಸೈಟಿನ ವಿಷಯಕ್ಕೆ ಫೋನ್ ಮಾಡಿ ಕೂಗಾಡಿದ. ಫೋನ್ ಇಟ್ಟವಳೇ ಅಡುಗೆಮನೆಗೆ ಹೋಗಿ ಚಕ್ಕುಲಿ ಡಬ್ಬಿಯ ಮುಚ್ಚಳ ತೆಗೆದೆ. ಅರ್ಧ ಚಕ್ಕುಲಿ ಇಳಿಯಲಿಲ್ಲ. ಮುಚ್ಚಳ ಕೈಯಲ್ಲೇ ಇತ್ತು, ನಿಂತಲ್ಲೇ ಅತ್ತೆ. ಅಪ್ಪ ಹೋದಾಗಲೂ ಅಷ್ಟು ಅತ್ತಿರಲಿಲ್ಲ.

ವರ್ಷ ಕಳೆದ ಮೇಲೆ ಕಳ್ಳದಾರಿ ಸಿಕ್ಕಿತು. ಚಪಾತಿ, ಕೋಳಿ ತುಂಡು ಎದೆಯಲ್ಲೇ ನಿಂತ ಹಾಗಾಗುತ್ತದೆ. ಖಾರಾಬೂಂದಿ, ಚಿಪ್ಸ್, ಐಸ್‌ಕ್ರೀಮ್ ಜಾರಿಕೊಂಡು ಹೋಗುತ್ತವೆ. ಒಂದು ಹಿಡಿ, ಅರ್ಧ ಗಂಟೆ ಬಿಟ್ಟು ಇನ್ನೊಂದು ಹಿಡಿ. ಜೊತೆಗೆ ಕಾಫಿ ಇದ್ದರೆ ಇನ್ನೂ ಸಲೀಸು. 36 ಕೆಜಿ ಇಳಿದಿದ್ದೆ, ಅದರಲ್ಲಿ 9 ವಾಪಸ್ ಬಂತು.

ಆಗ ಹೋದೆ ಕೌನ್ಸೆಲರ್ ಹತ್ತಿರ. ಅವರು ತಿನ್ನಬೇಡಿ ಅನ್ನಲೇ ಇಲ್ಲ. ತಿನ್ನುವ ಮುಂಚೆ ಒಂದು ಸಾಲು ಬರೆಯಿರಿ ಅಂದರು. ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆಯುತ್ತಿದ್ದೆ. "ತಮ್ಮ ಫೋನ್ ಮಾಡಿದ." "ತಮ್ಮ ಫೋನ್ ಮಾಡಲಿಲ್ಲ." "ಭಾನುವಾರ." ಈಗ ಓದಿದರೆ ನಗು ಬರುತ್ತದೆ. ಬರೆದೂ ಎಷ್ಟೋ ಸಲ ತಿಂದಿದ್ದೇನೆ, ಆದರೆ ಡಬ್ಬಿ ಖಾಲಿಯಾದ ಮೇಲೆ ಎಚ್ಚರ ಆಗುತ್ತಿತ್ತಲ್ಲ, ಅದು ತಪ್ಪಿತು.

ಇನ್ನೊಂದು. ಬೇಸ್‌ಮೆಂಟಿನ ಹತ್ತು ನಿಮಿಷ ಬಿಡಬೇಡಿ. ದಿನವೆಲ್ಲ ನಿಮಗೆ ಅಂತ ಇರುವುದು ಅದೊಂದೇ ಅನ್ನಿಸುತ್ತದೆ. ಸುಮ್ನೆ ಕೂತುಕೊಳ್ಳಿ, ಯಾರಿಗಾದರೂ ಫೋನ್ ಮಾಡಿ. ರಾತ್ರಿ ಹನ್ನೊಂದಕ್ಕೆ ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ವಿಜಯನಗರ ಬೈಪಾಸ್:

ನನ್ನದು ಬೈಪಾಸ್. ಹೃದಯದ್ದಲ್ಲ, ಹೊಟ್ಟೆಯದು. ಇದೂ ತೂಕ ಇಳಿಸುವುದಕ್ಕೇ, ಹೊಟ್ಟೆ ಚಿಕ್ಕದು ಮಾಡಿ ನೇರ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಪ್ರತಿ ಸಲ ಹೇಳಬೇಕು.

ಆಪರೇಷನ್ ಆದ ಮೊದಲ ಯುಗಾದಿಗೆ ತುಪ್ಪ ಹಾಕಿಸಿಕೊಂಡು ಒಂದು ಒಬ್ಬಟ್ಟು ತಿಂದೆ. ಇಪ್ಪತ್ತು ನಿಮಿಷಕ್ಕೆ ಬೆವರು, ಎದೆ ಡವಡವ, ಹೊಟ್ಟೆ ಹಿಂಡಿತು. ನೆಂಟರೆಲ್ಲ ಎಲೆ ಮುಂದೆ, ನಾನು ರೂಮಿನಲ್ಲಿ ಫ್ಯಾನ್ ಕೆಳಗೆ. ಡಂಪಿಂಗ್ ಅನ್ನುತ್ತಾರೆ, ಸಿಹಿ ಬೇಗ ಸಣ್ಣ ಕರುಳಿಗೆ ಇಳಿದುಬಿಡುವುದರಿಂದ ಹೀಗಾಗುತ್ತದೆ. ಬೈಪಾಸಿನವರಿಗೆ ಜಾಸ್ತಿ, ಸ್ಲೀವಿನಲ್ಲೂ ಕೆಲವರಿಗೆ ಉಂಟು. ಹೆದರಿ ಬಿಟ್ಟೆ ಅಂದುಕೊಂಡಿರಾ? ಒಂದೇ ವಾರದಲ್ಲಿ, ಅರ್ಧ ಒಬ್ಬಟ್ಟಾದರೆ ತಡೆಯುತ್ತದೆ ಅಂತ ಲೆಕ್ಕ ಹಾಕಿದ್ದೆ.

ಆಮೇಲೆ ಸಿಹಿಯ ಜಾಗಕ್ಕೆ ಶನಿವಾರದ ಬಿಯರ್ ಬಂತು. ಮುಂಚೆ ಮೂರಕ್ಕೂ ಏರದ್ದು ಈಗ ಒಂದಕ್ಕೇ ಏರುತ್ತದೆ. ಶನಿವಾರ ಹೋಗಿ ಬುಧವಾರವೂ ಆಯಿತು. ಹೆಂಡತಿ ಹಿಡಿದಳು, ಬಚಾವಾದೆ. ಕುಡಿಯುವ ಅಭ್ಯಾಸ ಇರುವವರು ಅದನ್ನೂ ಡಾಕ್ಟರಿಗೆ ಮುಚ್ಚಿಡಬೇಡಿ.

ನಾಗರಬಾವಿ ಎರಡನೇ ಹಂತ:

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಹೇಳಿದೆ. ಫೋನಿನಲ್ಲಿ ಶುರು ಮಾಡಿ ಗಂಟಲು ಕಟ್ಟಿತು, ಎದುರಿಗೆ ಹೋಗಿಯೇ ಹೇಳಿದೆ. ಅವರು ಪೆನ್ ಕೆಳಗಿಟ್ಟು, "ನಿಪ್ಪಟ್ಟು ಯಾವ ಅಂಗಡಿಯದು?" ಅಂದರು. ಇಬ್ಬರೂ ನಕ್ಕೆವು.

ಆಪರೇಷನ್ ರದ್ದಾಗಿಲ್ಲ, ಮೂರು ವಾರ ಮುಂದೆ ಹೋಗಿದೆ. ಅಷ್ಟರಲ್ಲಿ ಇನ್ನು ನಾಲ್ಕು ಸಲ ಅವರ ಹತ್ತಿರ ಹೋಗಬೇಕು. ಸಂಜೆ ಹೊತ್ತು ಅತ್ತೆಗೆ ಆಯಾ ಇಡೋಣ ಅಂತ ಯಜಮಾನರೇ ಬಾಯಿ ಬಿಟ್ಟರು. ದುಡ್ಡಿನ ಲೆಕ್ಕ ಇನ್ನೂ ಕೂಡಿಲ್ಲ.

ಅಕ್ಕ, ನಿಮ್ಮ ಹಾಲಿನ ಪುಸ್ತಕದ ಹಾಗೆ ನಾನು ಪೆಟ್ರೋಲ್ ಬಿಲ್ಲಿನ ಹಿಂದೆ ಬರೆಯುತ್ತಿದ್ದೇನೆ. ಡಿಕ್ಕಿಯಲ್ಲಿ ಈಗ ಮಳೆ ಕೋಟು ಮಾತ್ರ ಇದೆ ಅಂತ ಇಲ್ಲಿ ಹಾಕೋಣ ಅಂತಿದ್ದೆ. ಬೇಡ. ಅರ್ಧ ಪೊಟ್ಟಣ ಕಾಂಗ್ರೆಸ್ ಕಡಲೆಬೀಜ ಇದೆ.