ಶಾಲೆ ಕೈತೋಟದಿಂದ ವಿಜ್ಞಾನ ಕಲಿಸಿದವರು ದಯವಿಟ್ಟು ಅನುಭವ ಹೇಳಿ

ಚಳ್ಳಕೆರೆ ಟೀಚರ್:
ಎಲ್ಲರಿಗೂ ನಮಸ್ಕಾರ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು, ಐದನೇ ತರಗತಿಗೆ ಪರಿಸರ ಅಧ್ಯಯನ ತೆಗೆದುಕೊಳ್ಳುತ್ತೇನೆ. ಬಿಸಿಯೂಟದ ಅಡುಗೆ ಕೋಣೆ ಹಿಂದೆ ಮೂರು ಗುಂಟೆ ಜಾಗ ಸುಮ್ನೆ ಬಿದ್ದಿದೆ. ಅಲ್ಲಿ ತರಕಾರಿ ಹಾಕಿಸಿ, ಬೀಜ, ಬೇರು, ಹೂವು, ಮಣ್ಣು ಇವೆಲ್ಲ ಅಲ್ಲೇ ಕಲಿಸಬೇಕು ಅಂತ ಆಸೆ. ಬೋರ್‌ವೆಲ್ ಇದೆ, ಆದರೆ ನೀರು ಸವಳು. ಮಳೆ ಕಡಿಮೆ ಅನ್ನೋದು ಗೊತ್ತೇ ಇದೆ. ಯಾವ ತರಕಾರಿ ಹಾಕಲಿ? ದಸರಾ ರಜೆಯಲ್ಲಿ ನೀರು ಹಾಕೋದು ಹೇಗೆ? ಪಾಠಕ್ಕೆ ಹೇಗೆ ಹೊಂದಿಸಿದಿರಿ? ಮಾಡಿ ನೋಡಿದವರು ಹೇಳಿ.

ಮದ್ದೂರು ಮಿಸ್:
ಮೇಡಂ, ತರಕಾರಿ ಮಾತು ಆಮೇಲೆ. ಮೊದಲು ಬೇಲಿ. ನಮ್ಮ ಶಾಲೆಯಲ್ಲಿ ಇದನ್ನು ಯಾರಿಗೆ ಹೇಳಿದರೂ ಕೇಳಲಿಲ್ಲ. ಜಾಲಿ ಮುಳ್ಳು ಬಡಿದರೆ ಸಾಕು ಅಂದರು ಊರವರು. ಮಕ್ಕಳು ದಂಟು, ಮೆಂತ್ಯ, ಬೆಂಡೆ ಎಲ್ಲ ಎಷ್ಟು ಚೆನ್ನಾಗಿ ಎಬ್ಬಿಸಿದ್ದರು ಗೊತ್ತಾ? ದಸರಾ ರಜೆ ಮುಗಿಸಿ ಬಂದರೆ ಬೆಂಡೆ ಗಿಡದ ದಂಟು ಮಾತ್ರ ನಿಂತಿತ್ತು. ಮೇಕೆಗಳು ಮುಳ್ಳಿನ ಕೆಳಗೇ ನುಗ್ಗಿದ್ದವು. ನಾಲ್ಕನೇ ಕ್ಲಾಸಿನ ಒಬ್ಬ ಹುಡುಗಿ ಅವಳ ಸಾಲಿನ ಹತ್ತಿರ ಕೂತು ಅತ್ತಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

ಆಮೇಲೆ ಹಳೆ ವಿದ್ಯಾರ್ಥಿಗಳ ಹತ್ತಿರ ಹಣ ಎತ್ತಿದೆವು. ಲೆಕ್ಕ ಪೂರ್ತಿ ಹೇಳ್ತೇನೆ, ಯಾರಿಗಾದರೂ ಬೇಕಾಗುತ್ತೆ. ಸುತ್ತಳತೆ 200 ಅಡಿ. ಚೈನ್ ಲಿಂಕ್ ಜಾಲರಿ 4 ರೋಲು, ಒಂದಕ್ಕೆ 4,200, ಒಟ್ಟು 16,800 ರೂಪಾಯಿ. ಕಲ್ಲುಕಂಬ 28, ಒಂದಕ್ಕೆ 380, ಅದು 10,640. ಸಿಮೆಂಟು, ಜಲ್ಲಿ 3,200. ಕೂಲಿ 7,000. ಗೇಟು 5,500. ಎಲ್ಲ ಸೇರಿ 43,140 ರೂಪಾಯಿ. ಗೇಟಿಗೆ ಯಾಕೆ ಅಷ್ಟು ಅಂತ ಜಗಳ ಆಡಿದವರಿದ್ದಾರೆ. ಗೇಟು ಹಗುರ ಇದ್ದರೆ ಹಸು ತಲೆಯಲ್ಲಿ ಗುದ್ದಿ ತೆಗೆಯುತ್ತೆ, ಅದಕ್ಕೆ. ಜಾಲರಿಯ ಕೆಳ ಅಂಚನ್ನು ಅರ್ಧ ಅಡಿ ಮಣ್ಣಿನೊಳಗೆ ಹೂಳಿಸಿ. ಇಲ್ಲಾಂದ್ರೆ ನಾಯಿ ಕೆರೆಯುತ್ತೆ, ಅದೇ ದಾರೀಲಿ ಕೋಳಿ ಬರುತ್ತೆ.

ಈಗ ನಮ್ಮ ಸೊಪ್ಪು ವಾರಕ್ಕೆರಡು ಸಲ ಬಿಸಿಯೂಟದ ಸಾರಿಗೆ ಹೋಗುತ್ತೆ. ತಟ್ಟೆಯಲ್ಲಿ ಸೊಪ್ಪು ಬಿಡ್ತಿದ್ದ ಮಕ್ಕಳು ಈಗ ಬಿಡೋದಿಲ್ಲ. ನನಗೆ ಇದಕ್ಕಿಂತ ದೊಡ್ಡ ಪಾಠ ಬೇಡ.

ಕೋಲಾರದ ಪೋಷಕ:
ಮಿಸ್, ನಿಮ್ಮ ಬೇಲಿ ಗಟ್ಟಿ ಇರಬಹುದು. ಒಳಗೆ ಕೆಲಸ ಮಾಡಿದ್ದು ಯಾರು? ನಾನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯ, ಟೊಮೆಟೊ ಬೆಳೆಯುವ ರೈತ. ನನ್ನ ಮಗಳು ಒಂದು ದಿನ ಶಾಲೆಯಿಂದ ಬಂದಾಗ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ವಿಜ್ಞಾನದ ಪೀರಿಯಡ್ ಪೂರ್ತಿ ಕಳೆ ಕೀಳಿಸಿದ್ದಾರೆ. ಏನು ಕಲಿತೆ ಅಂದರೆ ಕಳೆ ಕಿತ್ತೆ ಅಂದಳು. ಕಳೆ ಕೀಳೋಕೆ ಶಾಲೆಗೆ ಕಳಿಸಬೇಕಾ? ಅದು ನಮ್ಮ ಹೊಲದಲ್ಲೇ ಬೇಕಾದಷ್ಟಿದೆ.

ಸಭೆಯಲ್ಲಿ ನಾನೇ ಎದ್ದು ಜಗಳ ಆಡಿದೆ. ಮೂರು ಷರತ್ತು ಬರೆಸಿದೆ. ಕೊಡದಲ್ಲಿ ನೀರು ಹೊರಿಸುವಂತಿಲ್ಲ, ಪೈಪೇ ಹಾಕಬೇಕು. ಔಷಧಿ ಸಿಂಪಡಣೆ ಮಕ್ಕಳ ಕೈಯಲ್ಲಿ ಬೇಡವೇ ಬೇಡ. ತೋಟಕ್ಕೆ ಹೋದ ಪ್ರತಿ ಸಲ ಪುಸ್ತಕದಲ್ಲಿ ಏನಾದರೂ ಅಳೆದು ಬರೆಯಬೇಕು. ಎಲೆ ಎಷ್ಟು, ಎತ್ತರ ಎಷ್ಟು, ಯಾವ ಹುಳ ಕಂಡಿತು, ಏನಾದರೂ ಸರಿ.

ಪೈಪಿಗೆ, ಡ್ರಮ್ಮಿಗೆ, ನಲ್ಲಿಗೆ 8,600 ಆಯ್ತು. ಅದರಲ್ಲಿ 3,000 ನನ್ನ ಜೇಬಿನದು. ಈಗ ಚಾವಣಿ ನೀರೂ ಡ್ರಮ್ಮಿಗೇ ಬರುತ್ತೆ. ನೂರು ಚದರ ಮೀಟರ್ ಚಾವಣಿ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ನೂರು ಲೀಟರ್ ನೀರು. ಈ ಲೆಕ್ಕ ಏಳನೇ ಕ್ಲಾಸಿನ ಮಕ್ಕಳೇ ಹಾಕಿ ಗೋಡೆ ಮೇಲೆ ಬರೆದಿದ್ದಾರೆ. ಇದು ಪಾಠ. ಕಳೆ ಕೀಳೋದಲ್ಲ.

ಮದ್ದೂರು ಮಿಸ್:
ಸರ್, ನಾನು ಮಕ್ಕಳ ಕೈಯಲ್ಲಿ ಕೂಲಿ ಮಾಡಿಸಿದೆ ಅಂತ ಎಲ್ಲಿ ಬರೆದಿದ್ದೇನೆ? ಬೆಳಿಗ್ಗೆ ಒಂಬತ್ತಕ್ಕೇ ಬಂದು ನಾನೇ ನೀರು ಬಿಡ್ತೇನೆ. ಕಳೆಯಲ್ಲೂ ಪಾಠ ಇದೆ. ಗರಿಕೆಯನ್ನು ಎಷ್ಟು ಕಿತ್ತರೂ ಯಾಕೆ ಮತ್ತೆ ಬರುತ್ತೆ ಅಂತ ಮಕ್ಕಳೇ ಅಗೆದು ನೋಡಿದರು. ಮಣ್ಣಿನೊಳಗೆ ಓಡಿದ ಕಾಂಡ, ಗಿಣ್ಣಿಗೊಂದು ಚಿಗುರು. ಪುಸ್ತಕದಲ್ಲಿ ಚಿತ್ರ ತೋರಿಸಿದರೆ ಅದು ಬರುತ್ತಾ? ಸಭೆಯಲ್ಲಿ ಎದ್ದು ಮಾತಾಡುವವರು ಒಂದು ವಾರ ಬಂದು ನಿಂತು ನೋಡಲಿ.

ಧಾರವಾಡದ ನಿವೃತ್ತ ಮಾಸ್ತರ:
ಇಬ್ಬರೂ ಸಿಟ್ಟಾಗಬೇಡಿ. ಆದರೆ ಇಬ್ಬರೂ ಸಾರು, ಪೈಪು, ಬೇಲಿ ಅಂತಲೇ ಹೇಳುತ್ತಿದ್ದೀರಿ. ಶಾಲೆಯ ತೋಟ ಅಡುಗೆಮನೆಗಲ್ಲ, ಪ್ರಯೋಗಕ್ಕೆ. ನಾನು ಮೂರು ಗುಂಟೆ ಯಾವತ್ತೂ ಮಾಡಿಸಲಿಲ್ಲ. ಎರಡೇ ಮಡಿ. ಆ ಎರಡು ಮಡಿಯಲ್ಲಿ ಆರನೇ, ಏಳನೇ ತರಗತಿಯ ಜೀವಶಾಸ್ತ್ರದ ಅರ್ಧ ಪಾಠ ಮುಗಿಯುತ್ತಿತ್ತು.

ಅಲಸಂದಿ ಮತ್ತು ತೊಗರಿ ಪಕ್ಕಪಕ್ಕ ಬಿತ್ತಿಸುತ್ತಿದ್ದೆ. ಅಲಸಂದಿಯ ಬೇಳೆ ಎರಡೂ ಮಣ್ಣು ಸೀಳಿ ಮೇಲೆ ಬರುತ್ತವೆ. ತೊಗರಿಯ ಬೇಳೆ ಮಣ್ಣಿನೊಳಗೇ ಉಳಿದು, ಚಿಗುರು ಮಾತ್ರ ಮೇಲೆ ಬರುತ್ತದೆ. ತೊಗರಿ ಬೇಳೆ ಎಲ್ಲಿ ಹೋಯಿತು ಸರ್ ಅಂತ ಮಕ್ಕಳು ಕೇಳಲೇಬೇಕು, ಕೇಳುತ್ತಾರೆ. ಅಗೆದು ನೋಡು ಅನ್ನುತ್ತಿದ್ದೆ, ಉತ್ತರ ಹೇಳುತ್ತಿರಲಿಲ್ಲ.

ಹೂ ಬಿಡುವ ಹೊತ್ತಿಗೆ ಅಲಸಂದಿ ಗಿಡ ಒಂದನ್ನು ಕೀಳಬಾರದು, ಹೆಂಟೆ ಸಮೇತ ಎತ್ತಿ ಬಕೆಟ್ ನೀರಿನಲ್ಲಿ ಮಣ್ಣು ತೊಳೆಯಬೇಕು. ಕಿತ್ತರೆ ಬೇರಿನ ಗಂಟು ಮಣ್ಣಿನಲ್ಲೇ ಉದುರುತ್ತವೆ. ಗಂಟನ್ನು ಉಗುರಿನಿಂದ ಒಡೆದರೆ ಒಳಗೆ ನಸುಗೆಂಪು. ಅದು ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಹತ್ತಿರದ ವಸ್ತು ಅಂದಾಗ ಒಬ್ಬ ಹುಡುಗ ತನ್ನ ಬೆರಳನ್ನೇ ನೋಡಿಕೊಂಡ. ಕೆಂಪಿದ್ದರೆ ಗಂಟಿನೊಳಗಿನ ರೈಜೋಬಿಯಂ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿದೆ, ಗಾಳಿಯ ಸಾರಜನಕ ಗಿಡಕ್ಕೆ ಸಿಗುತ್ತಿದೆ. ಹಸಿರೋ ಕಂದೋ ಇದ್ದರೆ ಕೆಲಸ ನಿಂತಿದೆ.

ಸವಳು ನೀರು ಅಂದ ಮೇಲೆ ನೆನಪಾಯಿತು. ಒಂದೇ ಬೀಜವನ್ನು ಒಂದು ಕಡೆ ಬೋರಿನ ನೀರಿನಲ್ಲಿ, ಇನ್ನೊಂದು ಕಡೆ ಮಳೆ ನೀರಿನಲ್ಲಿ ಮೊಳಕೆ ಬರಿಸುತ್ತಿದ್ದೆವು. ಬೀನ್ಸ್ ಉಪ್ಪು ಸ್ವಲ್ಪವೂ ತಡೆಯುವುದಿಲ್ಲ. ಪಾಲಕ್ ತಡೆಯುತ್ತದೆ. ಮತ್ತೆ ನಿಮ್ಮದು ಶೇಂಗಾ ಬೆಳೆಯುವ ಸೀಮೆ. ಶೇಂಗಾ ಬೇರಿನಲ್ಲಿ ಬಿಡುತ್ತದೆ ಅಂತ ರೈತರ ಮಕ್ಕಳೇ ಹೇಳುತ್ತಾರೆ. ಹೂ ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಕಡ್ಡಿ ಇಳಿದು ಮಣ್ಣಿಗೆ ಹೋಗುವುದನ್ನು ಕೂತು ತೋರಿಸಿ. ಇದಕ್ಕೆಲ್ಲ ಖರ್ಚು ಎಷ್ಟು ಅಂತ ಕೇಳಿದರೆ, ಬೀಜಕ್ಕೆ ಐವತ್ತು ರೂಪಾಯಿ.

ಬಂಟ್ವಾಳದಿಂದ:
ಮಾಷ್ಟ್ರೇ, ಐವತ್ತು ರೂಪಾಯಿ ಅಂತ ಸುಲಭವಾಗಿ ಹೇಳಿಬಿಟ್ಟಿರಿ. ನಮ್ಮಲ್ಲಿ ಜೂನ್, ಜುಲೈ ಮಳೆಗೆ ಬೀಜವೇ ಕೊಚ್ಚಿಕೊಂಡು ಹೋಗುತ್ತದೆ. ಏನಾದರೂ ಹುಟ್ಟಿದರೆ ರಾತ್ರಿ ಬಸವನಹುಳ ಬಂದು ಎಲೆ ಜಾಲರಿ ಮಾಡುತ್ತದೆ. ಮಕ್ಕಳು ಟಾರ್ಚ್ ಹಿಡಿದು ಹೆಕ್ಕುವುದು ಅಂತ ಪೋಷಕರಿಗೆ ಹೇಳಿದರೆ ಹಾವು ಬರುತ್ತದೆ ಅಂತ ಬೈಗುಳ. ಮಳೆಗಾಲದಲ್ಲಿ ನಾವು ಬಸಳೆ ಚಪ್ಪರ ಮತ್ತು ಅರಸಿನ ಮಾತ್ರ ಇಡುತ್ತೇವೆ. ಹರಿವೆ, ಅಲಸಂಡೆ, ಹೀರೆ, ಕುಂಬಳ ಎಲ್ಲ ಮಳೆ ಇಳಿದ ಮೇಲೆ.

ಚಪ್ಪರಕ್ಕೆ ಅಡಿಕೆ ಸಲಾಕೆ ಊರಿನವರು ಕೊಟ್ಟರು, ಪುಕ್ಕಟೆ. ಆದರೆ ಹಗ್ಗ, ತಂತಿ, ಒಬ್ಬ ಆಳಿನ ಸಂಬಳ ಸೇರಿ 2,900 ಆಯಿತು. ಮರುವರ್ಷ ಅರ್ಧ ಗೆದ್ದಲು ತಿಂದಿತು, ಮತ್ತೆ 1,400. ಗೆದ್ದಲಿಗೆ ಯಾರೂ ಲೆಕ್ಕ ಇಡುವುದಿಲ್ಲ, ನಾನು ಇಟ್ಟಿದ್ದೇನೆ.

ಅದೆಲ್ಲ ಸರಿ, ಕುಂಬಳದ್ದು ಹೇಳಬೇಕು. ಬಳ್ಳಿ ತುಂಬಾ ಹೂ, ಕಾಯಿ ಒಂದೂ ಇಲ್ಲ. ಬಳ್ಳಿ ಗಂಡು, ಕಿತ್ತು ಹಾಕಿ ಅಂತ ಅಡುಗೆ ಅಕ್ಕ ಅಂದರು. ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಹೂ ಎಣಿಸಲು ಹೇಳಿದೆ. ಮೊದಮೊದಲು ಬರುವುದೆಲ್ಲ ಗಂಡು ಹೂ. ಬುಡದಲ್ಲಿ ಪುಟ್ಟ ಕಾಯಿ ಇರುವ ಹೆಣ್ಣು ಹೂ ಆಮೇಲೆ ಬಂತು. ಆದರೂ ಆ ಕಾಯಿ ಹಳದಿಯಾಗಿ ಉದುರುತ್ತಿತ್ತು. ಕುಂಬಳದ ಹೂ ಬೆಳಗಿನ ಜಾವ ಅರಳಿ, ಬಿಸಿಲೇರುವ ಹೊತ್ತಿಗೆ ಮುಚ್ಚಿಬಿಡುತ್ತದೆ. ಬೆಲ್ ಹೊಡೆದು ನಾವು ತೋಟಕ್ಕೆ ಹೋಗುವಾಗ ಎಲ್ಲ ಮುಗಿದಿರುತ್ತದೆ. ಶಾಲೆ ಪಕ್ಕದ ಮನೆಯ ಇಬ್ಬರು ಹುಡುಗಿಯರು ತಾಯಿಯ ಜೊತೆ ಬೆಳಿಗ್ಗೆ ಬಂದು ಗಂಡು ಹೂವಿನ ಪರಾಗ ಹೆಣ್ಣು ಹೂವಿಗೆ ಉಜ್ಜಿ, ನೂಲು ಕಟ್ಟಿ ಗುರುತು ಮಾಡಿದರು. ನೂಲು ಕಟ್ಟಿದ್ದು ನಿಂತಿತು, ಕಟ್ಟದ್ದು ಹೆಚ್ಚಿನವು ಉದುರಿದವು. ಹೀರೆ ಹೂ ಅದಕ್ಕೆ ತದ್ವಿರುದ್ಧ, ಸಂಜೆ ಅರಳುತ್ತದೆ. ಅದನ್ನು ಮಕ್ಕಳು ಶಾಲೆ ಬಿಟ್ಟ ಮೇಲೆ ತಾವಾಗಿಯೇ ನಿಂತು ನೋಡಿದರು.

ಬೆಂಗಳೂರು ವಾಲಂಟಿಯರ್:
ನಾವು ನಗರದ ಒಂದು ಶಾಲೆಯ ತಾರಸಿ ಮೇಲೆ ಮಾಡಿದೆವು. ಗ್ರೋಬ್ಯಾಗ್ (ಗಿಡ ಬೆಳೆಸುವ ಚೀಲ), ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ, ಡ್ರಿಪ್, ಟೈಮರ್. ಒಟ್ಟು 61,000 ಆಯ್ತು. ಟೈಮರ್ ಎರಡು ಸಲ ಕೆಟ್ಟು ರಿಪೇರಿಗೆ 1,800. ಕೊಕೊಪೀಟ್ ತೊಳೆಯದೇ ಕೊಟ್ಟಿದ್ದರು, ಅದರ ಉಪ್ಪಿಗೆ ಮೂಲಂಗಿ ಎಲ್ಲ ಸುಟ್ಟಹಾಗಾಯ್ತು. ಬದಲಾಯಿಸಿ ಕೊಡಿ ಅಂದರೆ ಅಂಗಡಿಯವರು ಫೋನೇ ಎತ್ತಲಿಲ್ಲ. ಆದರೆ ಡ್ರಿಪ್ ಇದ್ದಿದ್ದಕ್ಕೇ ರಜೆಯಲ್ಲೂ ಗಿಡ ಉಳಿದವು. ಹಳ್ಳಿ ಶಾಲೆಗಳೂ ಇದನ್ನೇ ಮಾಡಿದರೆ ಒಳ್ಳೇದು.

ಧಾರವಾಡದ ನಿವೃತ್ತ ಮಾಸ್ತರ:
ಅರವತ್ತೊಂದು ಸಾವಿರಕ್ಕೆ ನಮ್ಮ ಶಾಲೆಗೆ ಒಂದು ಸೂಕ್ಷ್ಮದರ್ಶಕ ಬಂದು, ಮೇಲೆ ಒಂದು ಕಪಾಟು ಪುಸ್ತಕ ಬರುತ್ತಿತ್ತು. ಮಣ್ಣು ಕಾಲ ಕೆಳಗೇ ಇರುವ ಊರಿಗೆ ಚೀಲದ ತೆಂಗಿನ ನಾರು ಯಾಕೆ? ಗಾಜಿನ ಬಾಟಲಿಯಲ್ಲಿ ಮಣ್ಣು, ನೀರು ಹಾಕಿ ಕುಲುಕಿ ಇಟ್ಟರೆ ಮೊದಲು ಮರಳು ಕೂರುತ್ತದೆ, ಕೊನೆಗೆ ಜೇಡಿ. ಎರೆ ಮಣ್ಣೋ ಕೆಂಪು ಮಣ್ಣೋ ಮಕ್ಕಳೇ ಹೇಳುತ್ತಾರೆ. ಕೊಕೊಪೀಟ್‌ನಲ್ಲಿ ಆ ಪಾಠ ಇಲ್ಲ.

ಬೆಂಗಳೂರು ವಾಲಂಟಿಯರ್:
ಸರ್, ನಮ್ಮ ಶಾಲೆಗೆ ಅಂಗಳವೇ ಇಲ್ಲ. ಸುತ್ತ ಕಾಂಕ್ರೀಟು. ನಮ್ಮ ಮಕ್ಕಳು ಬೇರು ನೋಡಲೇಬಾರದಾ? ಹೀಯಾಳಿಸೋದು ಸುಲಭ.

ಶಿರಸಿ ಬೀಜದಕ್ಕ:
ಬೀಜದ ಬಗ್ಗೆ ಯಾರೂ ಮಾತಾಡಲಿಲ್ಲ, ಆಶ್ಚರ್ಯ. ಶಾಲೆಗೆ ಹೈಬ್ರಿಡ್ ಬೀಜ ಖಂಡಿತ ತರಬೇಡಿ. ನಾವು ಊರಿನ ಅಜ್ಜಿಯರಿಂದ ಮಗೆಕಾಯಿ, ಹೀರೆ, ಬೆಂಡೆ ಬೀಜ ತಂದೆವು. ಒಣಗಿಸಿ, ಬೂದಿ ಬೆರೆಸಿ, ಡಬ್ಬಿಗೆ ಹಾಕಿ ಹೆಸರು ಬರೆದದ್ದು ಮಕ್ಕಳೇ. ಮಂಗ ಬಂದು ಎಷ್ಟೋ ಹಾಳು ಮಾಡಿತು, ಪಟಾಕಿ ಹೊಡೆದರೂ ಹೋಗಲಿಲ್ಲ, ಬಲೆಗೆ ಕೊಟ್ಟ 5,200 ದಂಡವಾಯಿತು. ಮಂಗ ಬಿಟ್ಟ ಮೂರು ಮಗೆಕಾಯಿಯಲ್ಲೇ ಮುಂದಿನ ವರ್ಷದ ಬೀಜ ಆಯಿತು. ಬೀಜದಿಂದ ಬೀಜದವರೆಗೆ ನೋಡದಿದ್ದರೆ ಅದೆಂಥ ವಿಜ್ಞಾನ?

ಕೋಲಾರದ ಪೋಷಕ:
ಅಕ್ಕ, ನಾಟಿ ಟೊಮೆಟೊಗೆ ಎಲೆ ಮುದುರು ಬಂದರೆ ಏನು ಮಾಡ್ತೀರಿ? ನಮ್ಮ ಶಾಲೆಯಲ್ಲಿ ಇಡೀ ಸಾಲು ಹೋಯ್ತು. ಬಿಳಿನೊಣ ತರುವ ವೈರಸ್ ಅದು, ಬೂದಿ ಎರಚಿದರೆ ಹೋಗಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನ ಅರ್ಕಾ ರಕ್ಷಕ್ ಟೊಮೆಟೊ ಪಕ್ಕದಲ್ಲೇ ಹಾಕಿದ್ದೆವು, ಅದು ನಿಂತಿತು. ಹೈಬ್ರಿಡ್ ಹೌದು, ಅದರ ಬೀಜ ಮತ್ತೆ ಬಿತ್ತಿದರೆ ಗಿಡಗಳು ಒಂದೇ ಥರ ಬರಲ್ಲ. ಯಾಕೆ ಬರಲ್ಲ ಅನ್ನೋದೂ ವಿಜ್ಞಾನವೇ ಅಲ್ವಾ? ಎಲ್ಲ ಬೀಜವೂ ಹೈಬ್ರಿಡ್ ಅಲ್ಲ, ಅದೇ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆ, ಅರ್ಕಾ ಸುಗುಣ ದಂಟು ಬೀಜ ಉಳಿಸಿಕೊಳ್ಳಬಹುದು. ರೈತ ಸಾಲ ಮಾಡಿ ಬೆಳೆಯುವಾಗ ನಾಟಿಯೇ ಶ್ರೇಷ್ಠ ಅಂತ ಉಪದೇಶ ಮಾಡಬೇಡಿ.

ಶಿರಸಿ ಬೀಜದಕ್ಕ:
ನಾನು ನಿಮ್ಮ ಹೊಲದ ಮಾತು ಆಡಲಿಲ್ಲ ತಮ್ಮ, ಶಾಲೆಯ ಮಾತು ಆಡಿದ್ದು. ಶಾಲೆಯ ತೋಟಕ್ಕೆ ಸಾಲ ಇಲ್ಲ. ಅಲ್ಲಾದರೂ ಅಜ್ಜಿಯರ ಬೀಜಕ್ಕೆ ಒಂದು ಸಾಲು ಜಾಗ ಇರಲಿ. ಹುಳಕ್ಕೆ ಬೇವಿನ ಬೀಜದ ಕಷಾಯ ಇದೆ, ಲೀಟರಿಗೆ ಐವತ್ತು ಗ್ರಾಂ ಪುಡಿ, ರಾತ್ರಿ ನೆನೆಸಿ ಸೋಸುವುದು.

ಕೋಲಾರದ ಪೋಷಕ:
ಸಿಂಪಡಿಸೋದು ಮಕ್ಕಳಲ್ಲ ತಾನೇ?

ಶಿರಸಿ ಬೀಜದಕ್ಕ:
ನಾನೇ ಸಿಂಪಡಿಸುತ್ತೇನೆ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಚಳ್ಳಕೆರೆ ಟೀಚರ್:
ಎಲ್ಲರಿಗೂ ತುಂಬಾ ಧನ್ಯವಾದ, ದಯವಿಟ್ಟು ಜಗಳ ಬೇಡ. ಮೂರು ಗುಂಟೆ ಒಂದೇ ಸಲ ಬೇಡ ಅಂತ ಅನ್ನಿಸಿದೆ. ಈ ವಾರ ಡಬ್ಬಿಗಳಲ್ಲಿ ಬೋರಿನ ನೀರು, ಮಳೆ ನೀರು ಎರಡರಲ್ಲೂ ಬೀನ್ಸ್, ಪಾಲಕ್, ಅಲಸಂದೆ ಮೊಳಕೆ ಇಡಿಸ್ತೇನೆ. ಡಬ್ಬಿಗೆ ಐದೈದು ಬೀಜ ಸಾಕಾ ಸರ್?

ಧಾರವಾಡದ ನಿವೃತ್ತ ಮಾಸ್ತರ:
ಸಾಲದು ಮೇಡಂ. ಕನಿಷ್ಠ ಇಪ್ಪತ್ತು ಇಡಿಸಿ. ಐದರಲ್ಲಿ ಎರಡು ಬೀಜ ಹಳೆಯದಿದ್ದರೆ ತಪ್ಪು ನೀರಿನ ಮೇಲೆ ಬರುತ್ತದೆ. ಎರಡು ಡಬ್ಬಿಯೂ ಒಂದೇ ನೆರಳಿನಲ್ಲಿರಲಿ, ಮಣ್ಣೂ ಒಂದೇ ಇರಲಿ.

ಮದ್ದೂರು ಮಿಸ್:
ಮೊಳಕೆ ಬರುವಷ್ಟರಲ್ಲಿ ಬೇಲಿಗೆ ಎರಡು ಕಡೆ ಕೊಟೇಶನ್ ತರಿಸಿ ಮೇಡಂ. ಕಂಬ ಕಲ್ಲಿನದೇ ಇರಲಿ.